ಅಮ್ಮನನ್ನು ವಲಿಯಪರಂಬಕ್ಕೆ ಕರೆದೊಯ್ಯುವ ಮುಂಚೆ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ ಕೆಲಸದಲ್ಲಿದ್ದೇವೆ. ಊರಿನಿಂದ ಅಮ್ಮ ಬಂದಿದ್ದಾರೆ. 74 ವರ್ಷ, ಬಿಪಿ, ಶುಗರ್ ಎರಡೂ ಇದೆ, ಮಂಡಿನೋವು ಬೇರೆ. ವಲಿಯಪರಂಬ ದ್ವೀಪ ತೋರಿಸಬೇಕು ಅಂತ ಆಸೆ. ಒಂದೇ ದಿನದಲ್ಲಿ ಆಗುತ್ತದೆಯೆ? ಸಸ್ಯಾಹಾರಿಗಳಿಗೆ ಊಟದ ವ್ಯವಸ್ಥೆ ಹೇಗೆ?

ಒಂದೇ ದಿನದಲ್ಲಿ ಧಾರಾಳ ಆಗುತ್ತದೆ. ಚಳಿಗಾಲದ ರಜೆ ಬಂತೆಂದರೆ ಈ ಪ್ರಶ್ನೆ ಕಡಿಮೆಯೆಂದರೆ ಹತ್ತು ಜನರಿಂದ ಬರುತ್ತದೆ. ಹತ್ತೂ ಜನ ದೋಣಿಯ ಬಾಡಿಗೆ ಕೇಳುತ್ತಾರೆ, ಊಟ ಕೇಳುತ್ತಾರೆ. ನೀರಿನ ವಿಷಯ ಮಾತ್ರ ಒಬ್ಬರೂ ಕೇಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದಾರಿ. ಹೊಸದುರ್ಗ ದಾಟಿ ನೀಲೇಶ್ವರ, ಅಲ್ಲಿಂದ ಕೋಟ್ಟಪ್ಪುರಂ ಕಡವು. ಹೌಸ್‌ಬೋಟ್‌ಗಳು ಹೊರಡುವುದು ಅಲ್ಲಿಂದ. ಬೆಳಿಗ್ಗೆ ಒಂಬತ್ತಕ್ಕೆ ಹತ್ತಿ ಬಿಸಿಲು ಏರುವ ಮೊದಲು ಅರ್ಧಕ್ಕಿಂತ ಹೆಚ್ಚು ಸುತ್ತಿರಬೇಕು. ದ್ವೀಪ ಸುಮಾರು 24 ಕಿಲೋಮೀಟರ್ ಉದ್ದ. ಒಂದು ಪಕ್ಕ ಕವ್ವಾಯಿ ಹಿನ್ನೀರು, ಇನ್ನೊಂದು ಪಕ್ಕ ಅರಬ್ಬೀ ಸಮುದ್ರ. ಪೂರ್ತಿ ನೋಡಿಯೇ ತೀರುತ್ತೇವೆ ಅಂತ ಹೊರಡಬೇಡಿ. ಬೋಟಿನವರಿಗೆ ಫೋನ್ ಮಾಡಿದಾಗ ಬಾಡಿಗೆಗಿಂತ ಮೊದಲು, ಶೌಚಾಲಯದಲ್ಲಿ ಕಮೋಡ್ ಇದೆಯೆ, ಹತ್ತುವಲ್ಲಿ ಕೈಹಿಡಿಯಲು ಏನಾದರೂ ಇದೆಯೆ ಅಂತ ಕೇಳಿ. ಉಬ್ಬರ ಇಳಿತಕ್ಕೆ ತಕ್ಕಂತೆ ಕಟ್ಟೆಗೂ ಬೋಟಿಗೂ ನಡುವಿನ ಎತ್ತರ ಬದಲಾಗುತ್ತದೆ. ನಿಮಗೆ ಒಂದು ಹೆಜ್ಜೆ, ಮಂಡಿನೋವಿನ ಅಮ್ಮನಿಗೆ ಅದೇ ಒಂದು ಗೋಡೆ.

ಈಗ ನೀರು. ‘ಪ್ರಯಾಣದ ದಿನ ನೀರು ಕುಡಿಯಬಾರದು, ಕುಡಿದರೆ ದಾರಿಯಲ್ಲಿ ಕಷ್ಟ’ ಎಂಬ ನಂಬಿಕೆ ನಮ್ಮ ಅಮ್ಮಂದಿರಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಇಷ್ಟು ವರ್ಷ ಹೇಳಿದರೂ ನನ್ನಿಂದ ಅಲುಗಾಡಿಸಲು ಆಗಿಲ್ಲ. ಸಾಗರದಿಂದ ಬಂದಿದ್ದ ನನ್ನ ದೊಡ್ಡಮ್ಮನನ್ನು ಹೀಗೇ ಕೋಟ್ಟಪ್ಪುರಕ್ಕೆ ಕರೆದುಕೊಂಡು ಹೋಗಿದ್ದೆ. ಕೈಗೆ ಹೊಸ ನೀರಿನ ಬಾಟಲಿ ಕೊಟ್ಟಿದ್ದೆ. ‘ಕುಡಿದಿರಾ?’ ಅಂದಾಗಲೆಲ್ಲ ‘ಹೂಂ’ ಅನ್ನುತ್ತಿದ್ದರು. ಮೂರು ಗಂಟೆ ಕೂತಿದ್ದವರು ಇಳಿಯಲೆಂದು ಎದ್ದರು, ಎದ್ದ ಜಾಗದಲ್ಲೇ ಕುಸಿದರು. ಬೋಟಿನ ಹುಡುಗ ಹಿಡಿದದ್ದಕ್ಕೆ ತಲೆ ಉಳಿಯಿತು. ಮುಖಕ್ಕೆ ನೀರು ಚಿಮುಕಿಸಲು ಬಾಟಲಿ ತೆಗೆದುಕೊಂಡರೆ ಮುಚ್ಚಳದ ಸೀಲೇ ಒಡೆದಿರಲಿಲ್ಲ. ನಾಲಿಗೆ ಒಣಗಿ ಮರದ ಚಕ್ಕೆಯ ಹಾಗೆ ಆಗಿತ್ತು.

ಏಕೆ ಹೀಗಾಗುತ್ತದೆ? ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ದೇಹಕ್ಕೆ ನೀರು ಬೇಕಿದ್ದರೂ ಬಾಯಿ ಕೇಳುವುದಿಲ್ಲ. ‘ನನಗೆ ಬಾಯಾರಿಕೆ ಇಲ್ಲ ಮಗಾ’ ಅನ್ನುವುದು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ. ಮೂತ್ರವನ್ನು ಗಟ್ಟಿಮಾಡಿ ನೀರು ಉಳಿಸಿಕೊಳ್ಳುವ ಶಕ್ತಿಯೂ ಕಿಡ್ನಿಗೆ ಮೊದಲಿನಷ್ಟು ಇರುವುದಿಲ್ಲ. ಹಾಗಾಗಿ ಕುಡಿಯದಿದ್ದರೂ ನೀರು ಹೋಗುತ್ತಲೇ ಇರುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಾದರೆ ಕೇಳುವುದೇ ಬೇಡ. ಕೂತಲ್ಲಿಂದ ಎದ್ದಾಗ ರಕ್ತದೊತ್ತಡ ಫಕ್ಕನೆ ಇಳಿದು ಕಣ್ಣು ಕತ್ತಲೆ ಬರುವುದು ಇದರಿಂದಲೇ. ಇನ್ನೊಂದು ಮಾತನ್ನು ಅಮ್ಮನಿಗೆ ಬಿಡಿಸಿ ಹೇಳಿ: ನೀರು ಕಡಿಮೆಯಾಗಿ ಗಾಢವಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಅವಸರ ಹೆಚ್ಚುತ್ತದೆ, ಉರಿಮೂತ್ರಕ್ಕೂ ದಾರಿಯಾಗುತ್ತದೆ. ಯಾವ ಕಷ್ಟ ತಪ್ಪಲೆಂದು ನೀರು ಬಿಟ್ಟರೋ ಅದೇ ಕಷ್ಟ.

ಆದ್ದರಿಂದ ‘ನೀರು ಕುಡಿಯಿರಿ’ ಅಂತ ಉಪದೇಶ ಮಾಡಬೇಡಿ. ಲೋಟಕ್ಕೆ ಬಗ್ಗಿಸಿ ಕೈಗೆ ಕೊಡಿ. ಮುಕ್ಕಾಲು ಗಂಟೆಗೊಮ್ಮೆ ಅರ್ಧ ಲೋಟ ಸಾಕು. ಮಜ್ಜಿಗೆ, ಕಾಫಿ, ಸಾರು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಹೃದಯ, ಕಿಡ್ನಿ ತೊಂದರೆಗೆ ಡಾಕ್ಟರು ನೀರಿನ ಅಳತೆ ಹಾಕಿಕೊಟ್ಟಿದ್ದರೆ ಆ ಅಳತೆಯೇ ಕೊನೆ; ಅಂಥವರಿಗೆ ಎಳನೀರನ್ನೂ ಕೇಳದೆ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಮತ್ತೆ, ಅಮ್ಮನ ನಿಜವಾದ ಹೆದರಿಕೆ ನೀರಿನದ್ದಲ್ಲ, ಶೌಚಾಲಯದ್ದು. ಬೋಟ್ ಹತ್ತಿದ ಕೂಡಲೇ ‘ಅಮ್ಮಾ, ಇಲ್ಲಿದೆ ನೋಡಿ’ ಅಂತ ಬಾಗಿಲು ತೆರೆದು ತೋರಿಸಿ. ಆಮೇಲೆ ಅವರೇ ಲೋಟ ಕೇಳುತ್ತಾರೆ.

ದಡದ ಹೋಟೆಲಿನಲ್ಲಿ ಕೂತರೆ ಬರುವುದು ಗುಲಾಬಿ ಬಣ್ಣದ ಬಿಸಿನೀರು. ಘಟ್ಟದ ಮೇಲಿನ ಅಮ್ಮಂದಿರು ಅದನ್ನು ನೋಡಿ ಲೋಟ ದೂರ ತಳ್ಳುತ್ತಾರೆ, ತೊಳೆದ ನೀರೇನೋ ಅಂತ. ಅದು ಪತಿಮುಖಂ ಮರದ ಚಕ್ಕೆ ಹಾಕಿ ಕುದಿಸಿದ ನೀರು. ಕುದಿಸಿದ್ದಾದ್ದರಿಂದ ಹಸಿನೀರಿಗಿಂತ ಒಳ್ಳೆಯದು ಅಂತ ಮೊದಲೇ ಹೇಳಿಟ್ಟಿರಿ.

ಊಟ: ಬೋಟಿನಲ್ಲಿ ಸಾಮಾನ್ಯವಾಗಿ ಮೀನಿನ ಅಡುಗೆ. ಸಸ್ಯಾಹಾರ ಬೇಕೆಂದು ಹಿಂದಿನ ದಿನವೇ ಹೇಳಿದರೆ ಮಾಡಿಕೊಡುತ್ತಾರೆ. ಅನ್ನ ಮಾತ್ರ ದಪ್ಪ ಕುಚ್ಚಲಕ್ಕಿಯದು, ಹಲ್ಲುಸೆಟ್ ಇರುವವರಿಗೆ ಅಗಿಯುವುದು ಕಷ್ಟ. ಬೆಳ್ತಿಗೆ ಅನ್ನ, ಅಂದರೆ ನಮ್ಮ ಬಿಳಿ ಅನ್ನ, ಬೇಕೆಂದು ಬಾಯಿಬಿಟ್ಟು ಹೇಳಿ. ಶುಗರ್ ಮಾತ್ರೆ ನುಂಗಿಸಿ ‘ಬೋಟಿನಲ್ಲೇ ತಿಂದರಾಯಿತು’ ಅಂತ ಖಾಲಿ ಹೊಟ್ಟೆಯಲ್ಲಿ ಹೊರಡಿಸಲೇಬೇಡಿ. ನಾಲ್ಕು ಇಡ್ಲಿ, ಒಂದು ಡಬ್ಬಿ ಮೊಸರನ್ನ ಜೊತೆಗಿರಲಿ.

ಇದೇ ಹಿನ್ನೀರಿನ ಇನ್ನೊಂದು ದ್ವೀಪ ಇಡಯಿಲೆಕ್ಕಾಡಿಗೆ ಕಾರಿನಲ್ಲೇ ಹೋಗಬಹುದು. ಅಲ್ಲಿನ ಕಾವಿನ (ದೇವರಕಾಡಿನ) ಮಂಗಗಳಿಗೆ ಓಣಂ ಸಮಯದಲ್ಲಿ ಎಲೆ ಹಾಕಿ ಹಬ್ಬದೂಟ ಬಡಿಸುತ್ತಾರೆ. ಉಳಿದ ದಿನ ಅಮ್ಮನ ಕೈಚೀಲ ನಿಮ್ಮ ಕೈಯಲ್ಲಿರಲಿ.

ನೀವು ಕೇಳದಿದ್ದರೂ ಅಮ್ಮ ಕೇಳಿಯೇ ಕೇಳುವ ಒಂದು ಪ್ರಶ್ನೆಯಿದೆ. ಪಡನ್ನದ ಹತ್ತಿರ ಹಿನ್ನೀರಿನಲ್ಲಿ ಬಿದಿರು ನೆಟ್ಟು, ಅಡ್ಡ ಕಟ್ಟಿ, ಸಾಲಾಗಿ ಹಗ್ಗ ಇಳಿಬಿಟ್ಟಿರುತ್ತಾರೆ. ‘ಅದೇನು?’ ಅಂದರೆ ಬೋಟಿನವರು ‘ಕಲ್ಲುಮ್ಮಕ್ಕಾಯ’ ಅನ್ನುತ್ತಾರೆ. ಕಾಯಿ ಅಂದದ್ದನ್ನು ಕೇಳಿ ತರಕಾರಿಯೆಂದು ತಿಳಿದ ಸಸ್ಯಾಹಾರಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಕಾಯಿಯಲ್ಲ, ಚಿಪ್ಪಿನ ಜೀವಿ, ತುಳುವಿನವರ ಪಚ್ಚಿಲೆ. ಹೋಟೆಲಿನಲ್ಲಿ ಅಕ್ಕಿಹಿಟ್ಟು ತುಂಬಿಸಿ ಬೇಯಿಸಿ ಕರಿದದ್ದು ಕಣ್ಣಿಗೆ ಬಿದ್ದರೆ ಗುರುತಿರಲಿ. ಈ ಕೃಷಿ ಇಲ್ಲಿ ಬೇರೂರಿದ್ದು 1990ರ ದಶಕದಲ್ಲಿ. ಮಳೆಗಾಲ ಮುಗಿದು ನೀರು ಮತ್ತೆ ಉಪ್ಪಾದ ಮೇಲೆ, ನವೆಂಬರ್ ಡಿಸೆಂಬರಿನಲ್ಲಿ, ಮರಿಗಳನ್ನು ಹಗ್ಗದ ಸುತ್ತ ಇಟ್ಟು ಹತ್ತಿಬಟ್ಟೆ ಸುತ್ತಿ ಹೊಲಿಯುತ್ತಾರೆ. ಕೆಲವು ದಿನಗಳಲ್ಲಿ ಬಟ್ಟೆ ಕೊಳೆತುಹೋಗುತ್ತದೆ. ಅಷ್ಟರೊಳಗೆ ಮರಿಗಳು ತಮ್ಮದೇ ನಾರು ಬಿಟ್ಟು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಈ ಕೆಲಸಕ್ಕೆ ಹೆಚ್ಚಾಗಿ ಕೂರುವವರು ಹೆಂಗಸರು. ಮಳೆ ಹಿಡಿದು ಹೊಳೆಗಳ ಸಿಹಿನೀರು ನುಗ್ಗಿದರೆ ಪಚ್ಚಿಲೆ ಸಾಯುತ್ತದೆ, ಅದಕ್ಕೇ ಜೂನಿನ ಮೊದಲ ಮಳೆಗೆ ಮುಂಚೆ ಹಗ್ಗಗಳನ್ನು ಎಳೆದು ಮುಗಿಸುತ್ತಾರೆ. ಎಳೆಯುವ ದಿನ ಹೋದರೆ, ಬೆರಳು ದಪ್ಪದ ಹಗ್ಗ ತೊಡೆ ಗಾತ್ರವಾಗಿ ಮೇಲೆ ಬರುವುದನ್ನು ಅಮ್ಮ ನೋಡಬಹುದು.