ಪದ ಪರಿಚಯ: ತಿಮಿಂಗಿಲ ರಕ್ಷಣೆಯಲ್ಲಿ ‘ವೈಜ್ಞಾನಿಕ ಸಲಹೆ’

ತಿಮಿಂಗಿಲ ಬೇಟೆಯ ಸುದ್ದಿಗಳಲ್ಲಿ ‘ವೈಜ್ಞಾನಿಕ ಸಮಿತಿಯ ಸಲಹೆ’ ಎಂಬ ಮಾತು ಆಗಾಗ ಬರುತ್ತದೆ. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗಕ್ಕೆ ಅದರ ವಿಜ್ಞಾನಿಗಳು ಹೇಳುವ ಮಾತು ಇದು. ಬೇಟೆಯ ನಿಯಮಗಳಿಗೆ ವಿಜ್ಞಾನವೇ ಆಧಾರ ಆಗಬೇಕು ಅಂತ ಆಯೋಗ ಹುಟ್ಟಿದ 1946ರ ಒಪ್ಪಂದದಲ್ಲೇ ಇದೆ. ಆದರೆ ತೀರ್ಮಾನ ಮಾತ್ರ ಸದಸ್ಯ ದೇಶಗಳ ಕೈಯಲ್ಲಿ. ನಿಯಮ ಬದಲಿಸಲು ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಬದಲಾದ ಮೇಲೂ, ಗಡುವಿನೊಳಗೆ ಆಕ್ಷೇಪ ಸಲ್ಲಿಸಿದ ದೇಶಕ್ಕೆ ಅದು ಅನ್ವಯಿಸುವುದಿಲ್ಲ.

ಸಲಹೆ ಪಾಲಿಸಲು ತಡ ಮಾಡಿದರೆ ಏನಾಗುತ್ತದೆ? ‘ಬ್ಲೂ ವೇಲ್ ಯೂನಿಟ್’ ಕಥೆ ನೋಡಿ. ಹಿಂದೆ ಅಂಟಾರ್ಕ್ಟಿಕ ಬೇಟೆಗೆ ಒಂದೊಂದು ಜಾತಿಗೂ ಬೇರೆ ಮಿತಿ ಇರಲಿಲ್ಲ. ಸಿಗುವ ಎಣ್ಣೆಯೇ ಅಳತೆ. ಒಂದು ನೀಲಿ ತಿಮಿಂಗಿಲಕ್ಕೆ 2 ಫಿನ್, ಎರಡೂವರೆ ಹಂಪ್‌ಬ್ಯಾಕ್ ಅಥವಾ 6 ಸೇ ತಿಮಿಂಗಿಲ ಸಮ. ಒಟ್ಟು ಯೂನಿಟ್ ಮುಗಿಯುವವರೆಗೆ ಯಾವುದನ್ನು ಬೇಕಾದರೂ ಹೊಡೆಯಬಹುದಿತ್ತು. ನೀಲಿ ತಿಮಿಂಗಿಲ ಒಂದೇ ಹೊಡೆತಕ್ಕೆ ಜಾಸ್ತಿ ಎಣ್ಣೆ ಕೊಡುತ್ತದೆ ಅಲ್ವಾ, ಹಾಗಾಗಿ ಅಪರೂಪವಾದ ಮೇಲೂ ಕಣ್ಣಿಗೆ ಬಿದ್ದದ್ದನ್ನು ಬಿಡುತ್ತಿರಲಿಲ್ಲ. ಅಲ್ಲಿನ ಬೇಟೆಯಲ್ಲಿ ಪಾಲಿಲ್ಲದ ದೇಶಗಳಿಂದ ತಜ್ಞರನ್ನು ಆರಿಸಿ ‘ಮೂವರ ಸಮಿತಿ’ ಮಾಡಿದರು. ಈ ಯೂನಿಟ್ ಕೈಬಿಡಿ ಎಂದು ಆ ಸಮಿತಿ 1963ರಲ್ಲೇ ಹೇಳಿತು. ಕೈಬಿಟ್ಟದ್ದು 1972ರಲ್ಲಿ. ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆ ಕಾಲದಲ್ಲಿ ‘ಲೆಕ್ಕ ಇನ್ನೂ ಖಚಿತವಿಲ್ಲ’ ಎನ್ನುವುದೇ ಬೇಟೆ ಮುಂದುವರಿಸಲು ನೆಪವಾಗುತ್ತಿತ್ತು. ಸಾಲದ್ದಕ್ಕೆ ಸೋವಿಯತ್ ನೌಕೆಗಳು ಸುಳ್ಳು ಲೆಕ್ಕ ಕೊಡುತ್ತಿದ್ದವು. ಅದು ಬಯಲಾದದ್ದು 1990ರ ದಶಕದಲ್ಲಿ.

ವಾಣಿಜ್ಯ ಬೇಟೆ ನಿಲ್ಲಿಸಲು ಆಯೋಗ 1982ರಲ್ಲಿ ತೀರ್ಮಾನಿಸಿತು. ಆಮೇಲೆ ವೈಜ್ಞಾನಿಕ ಸಮಿತಿ, ಎಷ್ಟು ಹೊಡೆಯಬಹುದು ಎಂದು ಲೆಕ್ಕ ಹಾಕುವ ‘ಪರಿಷ್ಕೃತ ನಿರ್ವಹಣಾ ವಿಧಾನ’ ರೂಪಿಸಿತು. ನನ್ನ ಪ್ರಕಾರ ಇದು ಸಮಿತಿಯ ದೊಡ್ಡ ಸಾಧನೆ. ಇದಕ್ಕೆ ಬೇಕಾದದ್ದು ಎರಡೇ ಮಾಹಿತಿ: ಹಿಂದೆ ಎಷ್ಟು ಹೊಡೆದರು, ಸಮೀಕ್ಷೆಯಲ್ಲಿ ಈಗ ಎಷ್ಟಿವೆ. ಲೆಕ್ಕ ಎಷ್ಟು ಅನುಮಾನವೋ, ಮಿತಿ ಅಷ್ಟು ಕಡಿಮೆ. ಹಳೆಯ ನೆಪಕ್ಕೆ ಇಲ್ಲಿ ಜಾಗವೇ ಇಲ್ಲ. ಕಂಪ್ಯೂಟರಿನಲ್ಲಿ 100 ವರ್ಷಗಳ ಮುಂದಿನವರೆಗೂ ಓಡಿಸಿ ಇದನ್ನು ಪರೀಕ್ಷಿಸಿದರು. ಇದನ್ನೂ ಆಯೋಗ ಸುಲಭವಾಗಿ ಒಪ್ಪಲಿಲ್ಲ. ಬೇಸತ್ತ ಸಮಿತಿಯ ಅಧ್ಯಕ್ಷ ಫಿಲಿಪ್ ಹ್ಯಾಮಂಡ್ 1993ರಲ್ಲಿ ರಾಜೀನಾಮೆ ಕೊಟ್ಟರು. ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ವಾಣಿಜ್ಯ ಬೇಟೆಗೆ ಮಿತಿ ಇನ್ನೂ ಸೊನ್ನೆಯೇ ಇರುವುದರಿಂದ ಆಯೋಗ ಅದನ್ನು ಬಳಕೆಗೆ ತಂದಿಲ್ಲ.

ಈಗ ಸಮಿತಿ ಬೇಟೆಯ ಬಗ್ಗೆಯಷ್ಟೇ ಮಾತಾಡುವುದಿಲ್ಲ. ಹಡಗು ಬಡಿದು, ಬಲೆಗೆ ಸಿಕ್ಕಿ ಸಾಯುವ ತಿಮಿಂಗಿಲಗಳ ಬಗ್ಗೆಯೂ ಸಲಹೆ ಕೊಡುತ್ತದೆ. 2023ರಲ್ಲಿ ಅದು ಮೊದಲ ಸಲ ‘ಅಳಿವಿನ ಎಚ್ಚರಿಕೆ’ ಹೊರಡಿಸಿತು. ಅದು ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಮಾತ್ರ ಇರುವ ವಕೀಟಾ ಎಂಬ, ತಿಮಿಂಗಿಲದ ಬಳಗಕ್ಕೇ ಸೇರಿದ ಪುಟ್ಟ ಕಡಲ ಪ್ರಾಣಿಯ ಬಗ್ಗೆ. ಉಳಿದಿರುವುದು ಸುಮಾರು 10. ಅವು ಸಿಕ್ಕಿ ಸಾಯುವ ಗಿಲ್‌ನೆಟ್ ಎಂಬ ಮೀನು ಬಲೆಗಳನ್ನು ಅಲ್ಲಿಂದ ಪೂರ್ತಿ ತೆಗೆಯಬೇಕು ಎನ್ನುವುದು ಸಮಿತಿಯ ಸಲಹೆ.