ಸೆರಾಮಿಕ್ ಹಾಳೆಗೆ ಪಿಷ್ಟ ಎಷ್ಟು ಹಾಕಬೇಕು?

ಪ್ರಶ್ನೆ: ಡೀಸೆಲ್ ಹೊಗೆಯ ನೈಟ್ರಿಕ್ ಆಕ್ಸೈಡನ್ನು ವಿದ್ಯುತ್ತಿನಿಂದ ಒಡೆಯುವ ಕೋಶಕ್ಕೆ ಸೀರಿಯಾ (ಸೀರಿಯಂ ಆಕ್ಸೈಡ್) ಎಂಬ ಸೆರಾಮಿಕ್‌ನ ಹಾಳೆ ಮಾಡುತ್ತಿದ್ದೇವೆ. ರಂಧ್ರ ಬರಲೆಂದು ಶೇ 40 ಮೆಕ್ಕೆಜೋಳದ ಪಿಷ್ಟ ಬೆರೆಸಿದರೆ ಸುಟ್ಟ ಹಾಳೆ ಕೈಯಲ್ಲೇ ಪುಡಿಯಾಗುತ್ತದೆ. ಕಡಿಮೆ ಮಾಡಿದರೆ ಅನಿಲ ಹಾಯುವುದಿಲ್ಲ. ಎಷ್ಟು ಹಾಕಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ

ಶೇ 40 ಸರಿಯೇ. ಆದರೆ ಅದು ಗಾತ್ರದ ಲೆಕ್ಕ. ನೀವು ತಕ್ಕಡಿಯಲ್ಲಿ ತೂಗಿದ್ದೀರಿ. ಗ್ಯಾಡೊಲಿನಿಯಂ ಬೆರೆತ ಸೀರಿಯಾದ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 7.2 ಗ್ರಾಂ, ಪಿಷ್ಟದ್ದು 1.5. ಅಂದರೆ 100 ಗ್ರಾಂ ಸೀರಿಯಾ ಹಿಡಿಯುವ ಜಾಗ ಬರೀ 14 ಘನ ಸೆಂ.ಮೀ. ಅದಕ್ಕೆ 40 ಗ್ರಾಂ ಪಿಷ್ಟ ಸುರಿದರೆ ಮಿಶ್ರಣದ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅದು ಉರಿದುಹೋದ ಮೇಲೆ ಕಣಕ್ಕೆ ಕಣ ತಾಗುವುದೇ ಇಲ್ಲ, ಹಾಳೆ ನಿಲ್ಲುವುದಾದರೂ ಯಾವುದರ ಮೇಲೆ? 100 ಗ್ರಾಂ ಸೀರಿಯಾಕ್ಕೆ 14 ಗ್ರಾಂ ಪಿಷ್ಟ ಸಾಕು, ಗಾತ್ರದಲ್ಲಿ ಅದೇ ಶೇ 40.

ಮೆಕ್ಕೆಜೋಳದ ಸೀಮೆಯಲ್ಲಿ ಪಿಷ್ಟಕ್ಕೇನು ಬರ! ಅಂಗಡಿಯ ಕಾರ್ನ್‌ಫ್ಲೋರೂ ಅದೇ. ಕಣ ಹೆಚ್ಚಾಗಿ 5ರಿಂದ 20 ಮೈಕ್ರಾನ್. ಸೀರಿಯಾ ಚೆನ್ನಾಗಿ ಅರೆದಾದ ಮೇಲೆ, ಕೊನೆಗೆ ಬೆರೆಸಿ. ಮೊದಲೇ ಹಾಕಿದರೆ ಬಾಲ್ ಮಿಲ್ಲಿನಲ್ಲಿ (ಗುಂಡುಗಳಿಂದ ಅರೆಯುವ ಯಂತ್ರ) ಪಿಷ್ಟದ ಕಣಗಳು ನುರಿಯುತ್ತವೆ. ನೀರಿನಲ್ಲಿ ಕಲಸುವವರು ಬಿಸಿ ಮಾಡಬಾರದು: 65 ಡಿಗ್ರಿಯ ಆಸುಪಾಸಿನಲ್ಲಿ ಗಂಜಿಯಾಗುತ್ತದೆ.

ಇನ್ನು ಬಿರುಕು. ಎಲ್ಲರೂ ಕೊನೆಗೆ ಸುಡುವ 1250 ಡಿಗ್ರಿಯನ್ನು ದೂರುತ್ತಾರೆ, ಹಾಳೆ ಒಡೆಯುವುದು ಬಹುತೇಕ 200ರಿಂದ 500ರೊಳಗೆ. ಪುಡಿಯನ್ನು ಹಾಳೆಯಾಗಿ ಹಿಡಿದಿಟ್ಟ ಅಂಟು ಮತ್ತು ಪಿಷ್ಟ ಅಲ್ಲೇ ಉರಿದು ಅನಿಲವಾಗುತ್ತವೆ. ಹೊರಬರಲು ಹೊತ್ತು ಸಾಲದಿದ್ದರೆ ಹಾಳೆ ಉಬ್ಬಿ ಸೀಳುತ್ತದೆ. 600 ಡಿಗ್ರಿವರೆಗೆ ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಏರಿಸಿ, 300ರಲ್ಲಿ ಒಂದೆರಡು ಗಂಟೆ ನಿಲ್ಲಿಸಿ, ಕುಲುಮೆಯಲ್ಲಿ ಗಾಳಿ ಆಡಲಿ. ಇಷ್ಟಕ್ಕೇ 20 ಗಂಟೆ ದಾಟುತ್ತದೆ. ಆಮೇಲೆ ನಿಮಿಷಕ್ಕೆ 2 ಡಿಗ್ರಿಯಂತೆ 1200–1250ಕ್ಕೆ ಒಯ್ದು ಎರಡು ಗಂಟೆ ಹಿಡಿಯಿರಿ. ಅದಕ್ಕಿಂತ ಬಿಸಿಯಾದರೆ ಇರುವ ರಂಧ್ರವೂ ಮುಚ್ಚುತ್ತದೆ.

ಪದರ ಪದರವಾಗಿ ಜೋಡಿಸಿ ಸುಟ್ಟ ಹಾಳೆ ಬಾಗಿದರೆ ಪದರಗಳು ಒಂದೇ ಅಳತೆಗೆ ಕುಗ್ಗುತ್ತಿಲ್ಲವೆಂದು ತಿಳಿಯಿರಿ. ಲ್ಯಾಂಥನಮ್ ಮ್ಯಾಂಗನೈಟ್ ವಿದ್ಯುದ್ವಾರ (ಕರೆಂಟು ಹಾಯಿಸುವ ಪದರ) ಎರಡೂ ಹೊರಬದಿಗೆ ಬರುವಂತೆ ಬೆಸ ಸಂಖ್ಯೆಯ ಪದರ ಜೋಡಿಸಿ, ಮೇಲೆ ಸಪಾಟಾದ ಅಲ್ಯುಮಿನಾ ಬಿಲ್ಲೆ ಇಡಿ.

ರಂಧ್ರ ಬಂತೇ ಎಂದು ನೋಡಲು ಬರೀ ತಕ್ಕಡಿ ಸಾಕು: ಒಣ ತೂಕ, ನೀರಲ್ಲಿ ಕುದಿಸಿ ತೆಗೆದು ಮೇಲ್ಮೈ ಒರೆಸಿದ ತೂಕ, ನೀರಲ್ಲಿ ತೂಗುಬಿಟ್ಟ ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದು, ಎರಡನೆಯದರಿಂದ ಮೂರನೆಯದನ್ನು ಕಳೆದದ್ದರಿಂದ ಭಾಗಿಸಿ. ತೆರೆದ ರಂಧ್ರದ ಪಾಲು 0.3 ದಾಟಿರಲಿ.

ಕೋಶವನ್ನು ನಿಮ್ಮೂರಿನ ಮಂಡಕ್ಕಿ ಭಟ್ಟಿಯ ಚಿಮಣಿಗೆ ಮಾತ್ರ ಈಗಲೇ ಹಿಡಿಯಬೇಡಿ. ಬೂದಿ ರಂಧ್ರ ಮುಚ್ಚುತ್ತದೆ, ಹೊಗೆಯಲ್ಲಿ ಉಳಿದ ಆಮ್ಲಜನಕ ನಿಮ್ಮ ಕರೆಂಟಿನ ಬಹುಪಾಲನ್ನು ತಾನೇ ನುಂಗುತ್ತದೆ.