ಜೀವನಾಂಶ ಬರದಿದ್ದರೂ ಶನಿವಾರ ಮಗುವನ್ನು ಕಳಿಸಿ

ಶುಕ್ರವಾರ ಸಂಜೆ ಆಯ್ತು ಅಂದರೆ ನನಗೆ ಒಂದೇ ಥರದ ಫೋನ್ ಬರುತ್ತವೆ. "ಮೇಡಂ, ಈ ತಿಂಗಳೂ ದುಡ್ಡು ಹಾಕಿಲ್ಲ. ನಾಳೆ ಮಗೂನ ಅಪ್ಪನ ಹತ್ರ ಕಳಿಸಲ್ಲ, ಏನಾಗುತ್ತೋ ಆಗಲಿ." ಅದಾದ ಮೇಲೆ ಇನ್ನೊಂದು ಕೇಸಿನ ಅಪ್ಪ. "ಮಗಳನ್ನ ತೋರಿಸಿ ಎರಡು ತಿಂಗಳಾಯ್ತು, ನಾನ್ಯಾಕೆ ದುಡ್ಡು ಹಾಕ್ಲಿ?" ಇಬ್ಬರ ಸಂಕಟವೂ ನಿಜ. ಇಬ್ಬರೂ ಮಾಡಲು ಹೊರಟಿರುವುದು ತಪ್ಪು. ಫ್ಯಾಮಿಲಿ ಕೋರ್ಟಿನಲ್ಲಿ ಕೇಸು ನಡೆಸುತ್ತಾ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಇದೇ ಇರಬೇಕು, ಮತ್ತೊಮ್ಮೆ ಹೇಳುತ್ತೇನೆ. ಜೀವನಾಂಶದ ಆದೇಶ ಬೇರೆ, ಭೇಟಿಯ ಆದೇಶ ಬೇರೆ. ಒಂದನ್ನು ಅವರು ಮುರಿದರು ಅಂತ ಇನ್ನೊಂದನ್ನು ನೀವು ಮುರಿಯುವ ಹಾಗಿಲ್ಲ.

"ಎರಡೂ ಒಂದೇ ಪೇಪರಲ್ಲಿ ಇದೆಯಲ್ಲ ಮೇಡಂ?" ಅಂತ ಕೇಳುತ್ತಾರೆ. ಇರಬಹುದು. ರಾಜಿ ಪತ್ರದಲ್ಲಿ ಒಂದು ಪ್ಯಾರಾ ದುಡ್ಡಿನದ್ದು, ಅದರ ಕೆಳಗಿನದು ಶನಿವಾರದ ಭೇಟಿಯದ್ದು. ಆದರೆ ಮೇಲಿನದು ನಡೆದರೆ ಮಾತ್ರ ಕೆಳಗಿನದು ಅಂತ ಸಾಮಾನ್ಯವಾಗಿ ಎಲ್ಲೂ ಬರೆದಿರುವುದಿಲ್ಲ. ತೆಗೆದು ಓದಿ. ದುಡ್ಡು ಮಗುವಿನ ಊಟಕ್ಕೆ, ಫೀಸಿಗೆ, ಔಷಧಿಗೆ. ಭೇಟಿ ಇರುವುದು ಮಗುವಿಗೆ ಅಪ್ಪನೂ ಬೇಕು ಅನ್ನುವ ಕಾರಣಕ್ಕೆ. ಎರಡೂ ಮಗುವಿಗೇ ಸೇರಿದ್ದು. ಅಪ್ಪ ದುಡ್ಡು ಕೊಡದೆ ಒಂದನ್ನು ತಪ್ಪಿಸಿದ, ನೀವು ಕಳಿಸದೆ ಇನ್ನೊಂದನ್ನೂ ತಪ್ಪಿಸಿದಿರಿ. ಮಗುವಿಗೆ ಉಳಿದಿದ್ದೇನು? 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿಗೆ ಸಿಗಬೇಕು, ಕಸ್ಟಡಿ ಒಬ್ಬರಿಗೆ ಕೊಟ್ಟರೂ ಇನ್ನೊಬ್ಬರಿಗೆ ಸಾಕಷ್ಟು ಭೇಟಿ ಇರಬೇಕು, ದೂರದಲ್ಲಿದ್ದರೆ ಫೋನು, ವಿಡಿಯೋ ಕಾಲ್ ಆದರೂ ಇರಬೇಕು ಅಂತ.

ಬೆಂಗಳೂರಿನ ಸಿದ್ದಯ್ಯ ರಸ್ತೆಯಲ್ಲಿ ಫ್ಯಾಮಿಲಿ ಕೋರ್ಟ್ ಇರುವ ನ್ಯಾಯದೇಗುಲದಲ್ಲಿ ನಡೆದದ್ದೊಂದು ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಏಳು ವರ್ಷದ ಹುಡುಗಿ. ಅಪ್ಪ ಬಂದ ಕೂಡಲೇ ಓಡಿಹೋಗಲಿಲ್ಲ. ಬ್ಯಾಗಿನ ಮುಂದಿನ ಜಿಪ್ ತೆಗೆದು, ನಾಲ್ಕು ಮಡಿಕೆ ಮಾಡಿದ್ದ ಸ್ಕೂಲ್ ಫೀಸಿನ ಚೀಟಿ ಕೊಟ್ಟು, "ಇದು ಕಟ್ಟಿದ್ರೆ ಮುಂದಿನ ವಾರಾನೂ ಬರ್ತೀನಿ" ಅಂದಳು. ಮನೆಯಲ್ಲಿ ಹೇಳಿಕೊಟ್ಟ ಮಾತು, ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸಿದಳು. ಆಮೇಲೆ ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು. ಅವನು ಚೀಟಿ ಜೇಬಿಗೆ ಹಾಕಿಕೊಂಡ, ಏನೂ ಹೇಳಲಿಲ್ಲ. ಇದ್ದ ಒಂದು ಗಂಟೆ ಇಬ್ಬರೂ ಸುಮ್ನೆ ಕೂತಿದ್ದರು. ಆ ತಾಯಿ ಕೆಟ್ಟವಳಲ್ಲ. ಎರಡು ಕಂತು ಬಾಕಿ, ಸ್ಕೂಲಿನಿಂದ ದಿನಾ ಮೆಸೇಜು, ತವರಲ್ಲಿ ಕೇಳಲು ಮುಖವಿಲ್ಲ. ಆದರೆ ವಸೂಲಿಯ ಕೆಲಸ ಮಗುವಿನದ್ದಲ್ಲ, ಅಲ್ವಾ? ಅದಕ್ಕೆ ಕೋರ್ಟಿದೆ.

ವಸೂಲಿ ಹೇಗೆ? ನಿಮ್ಮ ಆದೇಶ ಯಾವ ಕಾಯ್ದೆಯಲ್ಲಿ ಆಗಿದೆ ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ, ಅದನ್ನು ನಿಮ್ಮ ವಕೀಲರೇ ನೋಡಿ ಹೇಳಬೇಕು. ತುಂಬಾ ಜನರ ಆದೇಶ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 125ನೇ ಸೆಕ್ಷನ್ನಿನಲ್ಲಿ ಆಗಿರುತ್ತದೆ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 144 ಬಂದಿದೆ. ಅದರಲ್ಲಿ ಬಾಕಿ ವಸೂಲಿಗೆ ವಾರಂಟ್ ಕೇಳಬಹುದು. ಆಮೇಲೂ ಕಟ್ಟದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಆದರೆ ದುಡ್ಡು ಬರಬೇಕಿದ್ದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಅರ್ಜಿ ಹಾಕುವುದು ಬಿಟ್ಟು, ಮಗುವನ್ನು ಕಳಿಸದೆ ಕೂತು, ಅವರೇ ದಾರಿಗೆ ಬರುತ್ತಾರೆ ಅಂತ ಕಾಯುತ್ತಾರೆ. ವರ್ಷ ದಾಟಿದ ತಿಂಗಳುಗಳಿಗೆ ಈ ವಾರಂಟಿನ ದಾರಿ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ಎದುರಿನವರು ಭೇಟಿ ತಪ್ಪಿಸಿದ್ದಕ್ಕೆ ಎಕ್ಸಿಕ್ಯೂಶನ್ (ಆದೇಶ ಜಾರಿ ಮಾಡಿಸಿ ಅನ್ನುವ ಅರ್ಜಿ) ಹಾಕಿರುತ್ತಾರೆ, ಕಸ್ಟಡಿಯನ್ನೇ ಬದಲಿಸಿ ಅಂತ ಕೇಳಿದರೂ ಕೇಳಿದರೇ. ಜಡ್ಜ್ ಮುಂದೆ ಬಾಕಿ ಕೇಳಲು ಬಂದ ನೀವು ಆದೇಶ ಮುರಿದವರಾಗಿ ನಿಂತಿರುತ್ತೀರಿ.

ಅಪ್ಪಂದಿರಿಗೂ ಇದೇ ಮಾತು. ಕೆಲಸ ಹೋಗಿದೆಯಾ, ಸಂಬಳ ಕಮ್ಮಿ ಆಗಿದೆಯಾ? ಜೀವನಾಂಶ ಕಡಿಮೆ ಮಾಡಿ ಅಂತ ಅರ್ಜಿ ಹಾಕಲು ಬಿಎನ್‌ಎಸ್‌ಎಸ್ 146 ಇದೆ. ಆದೇಶ ಬದಲಾಗುವವರೆಗೆ ಬಾಕಿ ಬೆಳೆಯುತ್ತಲೇ ಇರುತ್ತದೆ. ಮಗುವನ್ನು ತೋರಿಸುತ್ತಿಲ್ಲವಾ? ತಪ್ಪಿದ ಒಂದೊಂದು ಶನಿವಾರದ ತಾರೀಕು ಬರೆದಿಟ್ಟುಕೊಂಡು ಕೋರ್ಟಿಗೆ ಬನ್ನಿ, ದುಡ್ಡು ಮಾತ್ರ ನಿಲ್ಲಿಸಬೇಡಿ. "ಸೈಕಲ್ ಕೊಡಿಸಿದೀನಿ, ಟ್ಯಾಬ್ ಕೊಡಿಸಿದೀನಿ, ಅದನ್ನೂ ಲೆಕ್ಕಕ್ಕೆ ಹಿಡೀರಿ" ಅನ್ನುವವರು ಜಾಸ್ತಿ. ಸಾಮಾನ್ಯವಾಗಿ ಹಿಡಿಯುವುದಿಲ್ಲ. ಕೈಯಲ್ಲಿ ಕ್ಯಾಶ್ ಕೊಡುವುದೂ ಬೇಡ, ಬ್ಯಾಂಕಿಗೇ ಹಾಕಿ.

ಒಂದು ಕಡೆ ಮಾತ್ರ ಈ ಮಾತು ಹೀಗೇ ನಿಲ್ಲುವುದಿಲ್ಲ. ಕುಡಿದು ಬರುತ್ತಾನೆ, ಹೊಡೆಯುತ್ತಾನೆ, ಮಗು ಹೇಳಿಕೊಳ್ಳಲಾಗದಂಥದ್ದು ಏನೋ ನಡೆದಿದೆ ಅನಿಸುತ್ತಿದೆ. ಇದು ದುಡ್ಡಿನ ವಿಷಯವಲ್ಲ, ಮಗುವಿನ ಸುರಕ್ಷತೆಯ ವಿಷಯ. ಅಂಥ ಕಡೆಗೆ ಕಳಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಸುಮ್ಮನೆ ಬಾಗಿಲು ಹಾಕಿಕೊಂಡು ಕೂರಬೇಡಿ, ತಡಮಾಡದೆ ವಕೀಲರಿಗೆ ಹೇಳಿ ಭೇಟಿ ನಿಲ್ಲಿಸಲು ಅರ್ಜಿ ಹಾಕಿಸಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಸೆಕ್ಷನ್ ಅಡಿ, ಮಗುವಿಗೆ ಹಾನಿ ಆಗಬಹುದು ಅನಿಸಿದರೆ ಮ್ಯಾಜಿಸ್ಟ್ರೇಟರು ಭೇಟಿಗೆ ಅವಕಾಶ ನಿರಾಕರಿಸಬೇಕು. ಜ್ವರ, ಪರೀಕ್ಷೆ, ಊರ ಹಬ್ಬದಂಥದ್ದಕ್ಕೆ ಒಂದು ಮೆಸೇಜ್ ಹಾಕಿ ಬೇರೆ ದಿನ ಕೊಟ್ಟರೆ ಸಾಕು.

ದುಡ್ಡು ಬರದೆ ತುಂಬಾ ತಿಂಗಳಾಗಿದ್ದರೆ ವರ್ಷದ ಗಡುವು ಮುಗಿಯುವ ಮುಂಚೆ ಬ್ಯಾಂಕ್ ಸ್ಟೇಟ್‌ಮೆಂಟ್, ಆದೇಶದ ಸರ್ಟಿಫೈಡ್ ಕಾಪಿ ತೆಗೆದುಕೊಂಡು ಈ ವಾರವೇ ನಿಮ್ಮ ವಕೀಲರ ಆಫೀಸಿಗೆ ಹೋಗಿ. ನಾಳೆ ಶನಿವಾರವಾದರೆ ಮಗುವನ್ನು ಕಳಿಸಿ, ಆಮೇಲೆ ಹೋಗಿ.